ಒಂಬತ್ತನೆಯ ಬಾಯಿ

ನೌಬಾದಿನ ಸುರಂಗ ಬಾವಿಗೆ ಬಾಯಿಗಳು ಬಹಳ.
ಒಂದೊಂದರೊಳಗೂ ನಾನು ಇಳಿಬಿಟ್ಟದ್ದು
ಸೋಪಿನ ಡಬ್ಬಿಯಷ್ಟು ದೊಡ್ಡ ಯಂತ್ರ,
ಗೇಣುದ್ದದ ಆಂಟೆನಾ, ಹೆಬ್ಬೆರಳಿನಷ್ಟು ಒಂದು ಸೆಲ್ಲು.
ಹಗ್ಗ ಹಿಡಿದವನು ಘಾಳೆಪ್ಪ.
ಹೂಳು ಎಳೆದೆಳೆದು ಅಂಗೈ ಗೆರೆ ಅಳಿಸಿಕೊಂಡವನು.
ತಳಕ್ಕೆ ಇಳಿಯುವ ಕೆಲಸ ಮೊದಲು ಇಸ್ಮಾಯಿಲನದಿತ್ತಂತೆ.

"ಏನ್ ಮಾಡ್ತದವ್ವ ಇದು?"
ನೀರು ಎಷ್ಟಿದೆ ನೋಡಿ ತಾಸಿಗೊಮ್ಮೆ ಹೇಳುತ್ತದೆ ಕಾಕಾ.
ಕೇಳುವ ಪೆಟ್ಟಿಗೆ ಅಗೋ, ಆ ಟಾಕಿಯ ನೆತ್ತಿಯ ಮೇಲೆ.
"ಟಾಕಿ ಒಂದು ಕೋಸ ಆಯ್ತಲ್ಲ!
ಇಷ್ಟು ಸಣ್ಣ ಸೆಲ್ಲು, ಅಷ್ಟು ದೂರ ಹ್ಯಾಂಗ ಒದರ್ತದ?"

ಒದರುವುದಿಲ್ಲ.
ಇದರ ಹತ್ತಿರ ಇರುವುದೇ ಹನ್ನೆರಡು ಬೈಟಿನ ಮಾತು.
ಅದನ್ನೇ ತಗ್ಗಿನಿಂದ ಏರಿಗೆ ಜಾರಿಸಿ ಜಾರಿಸಿ,
ದೂರ ಹೆಚ್ಚಿದಂತೆ ದನಿ ಹೆಚ್ಚಿಸದೆ
ಇನ್ನಷ್ಟು ನಿಧಾನವಾಗಿ ಆಡುತ್ತದೆ.
ಗದ್ದಲದ ಕೆಳಗೆ ತೂರಿ ಹೋಗಿ ಮುಟ್ಟುತ್ತದೆ.

ಅಷ್ಟರಲ್ಲಿ ವಿಮಾನ ಕಲಿಯುವ ಹುಡುಗನೊಬ್ಬ
ತಲೆಯ ಮೇಲೆ ಆಕಾಶ ಹರಿದುಕೊಂಡು ಹೋದ.
ಸದ್ದು ತೀರುವ ತನಕ ಘಾಳೆಪ್ಪ ಬೀಡಿ ಹಚ್ಚಲಿಲ್ಲ.
ಆಮೇಲೆ ಅಂದ:
"ಇದು ನಮಗ ಗೊತ್ತಿದ್ದದ್ದೇ ಅದ ತಗೋ.
ಬಾವ್ಯಾಗ ಒದರಿದ್ರ ಗ್ವಾಡಿ ಒದರ್ತಾವ,
ಮನುಷ್ಯಾನ ಮಾತು ಮುಟ್ಟಂಗಿಲ್ಲ.
ನೂಲು ತಗದಂಗ ಎಳೀಬೇಕು, ಇಸ್‍ಮಾ… ಯೀ… ಲ್…
ಎಳೆದು ಸುಮ್ನ ನಿಂದರಬೇಕು."

ನಿಲ್ಲುವುದೂ ಇದೆ ಕಾಕಾ, ನಾನು ಹೇಳಿರಲಿಲ್ಲ.
ಮಾತು ಮುಗಿದ ಒಂದು ಸೆಕೆಂಡಿಗೆ ಕಿವಿ ತೆರೆಯುತ್ತದೆ,
ಎರಡನೆಯ ಸೆಕೆಂಡಿಗೆ ಮತ್ತೊಮ್ಮೆ.
ಯಾರೂ ಕರೆಯದಿದ್ದರೆ ಬೇಜಾರಿಲ್ಲ, ನಿದ್ದೆ.
ಒಂದು ತಾಸಿನ ನಿದ್ದೆ.
ಹೀಗೆ ಒಂದು ಸೆಲ್ಲಿನಲ್ಲಿ ಏಳೆಂಟು ವರ್ಷ.
"ಭಾಳ ಶಾಣ್ಯಾ ಅದ," ಅಂದ, "ನನ್ನ ಹೆಂಡತಿಗಿ ತೋರಸ್ಬೇಕು."

ಆಷಾಢದಲ್ಲಿ ಒಂಬತ್ತನೆಯದು ಸುಮ್ಮನಾಯಿತು.
ನೀರು ಹೊಕ್ಕಿತೇ, ಸೆಲ್ಲು ಸತ್ತಿತೇ,
ಬೆಸುಗೆ ಬಿಟ್ಟಿತೇ? ಪರದೆಯ ಮೇಲೆ ಬರೀ ಬಿಳಿ.
ಇಲಾಖೆಯ ಸಾಹೇಬರು "ಬದಲಿಸಿಬಿಡಿ" ಅಂದರು.
ಬದಲಿಸಲು ಹೊಸದು ಬರಲಿಕ್ಕೆ ನಲವತ್ತು ದಿನ.

ಹೋಗಿ ನೋಡಿದರೆ ಬಾವಿಯೇ ಇಲ್ಲ!
ಕಬ್ಬಿಣದ ತಗಡು, ಅದರ ಮೇಲೆ ಶಹಾಬಾದಿ ಪರಸಿ,
ಪರಸಿಯ ಮೇಲೆ ಒಣಹಾಕಿದ ಶೇಂಗಾ.
"ಕೂಸು ಅಂಬೆಗಾಲು ಇಡ್ಲತ್ತದ," ಅಂದಳು ಚಂಪಾಬಾಯಿ,
"ನಿಮ್ಮ ಮಷೀನಾ ದೊಡ್ಡದೋ ನನ್ನ ಮಮ್ಮಗಾ ದೊಡ್ಡವೋ?"
ಕೂಸು ಶೇಂಗಾದ ನಡುವೆ ಕೂತು
ಒಂದೊಂದನ್ನೇ ಬಾಯಿಗೆ ಇಟ್ಟು ತೆಗೆಯುತ್ತಿತ್ತು.
ನನ್ನ ಬಳಿ ಉತ್ತರ ಇರಲಿಲ್ಲ.
ಘಾಳೆಪ್ಪ ಅವಳ ಹಿತ್ತಲಿಂದ ಮುರುಕು ಹೊರಸೊಂದು ತಂದ.
ಕಾಲು ಕೊಯ್ದು, ಪ್ಲಾಸ್ಟಿಕ್ ನವಾರ ಬಿಗಿದು
ಬಾವಿಯ ಬಾಯಿಗೆ ಮಲಗಿಸಿದ.
ಕೂಸು ಬೀಳುವುದಿಲ್ಲ, ಮಾತು ತಡೆಯುವುದಿಲ್ಲ.

ತಾಸು ತುಂಬುವ ತನಕ ಕಾದೆವು. ಬಂತು.
ನೀರು ನೂರಾ ಇಪ್ಪತ್ತಾರು ಸೆಂಟಿಮೀಟರು.
ಅವನ ಹಗ್ಗದ ಹಸಿ ಹೇಳಿದ್ದೂ ಅದೇ:
ನಾಲ್ಕು ಫೂಟು, ಎರಡು ಬೆರಳು.

ಆದರೆ ಪ್ರತಿ ಮಾತಿಗೂ ಒಂದು ಲೆಕ್ಕದ ನಂಬರು ಇರುತ್ತದೆ.
ಹಿಂದೆ ಕೇಳಿದ್ದು ನಾಲ್ಕು ಸಾವಿರದ ನೂರಾ ಹದಿನೆಂಟು,
ಈಗ ಬಂದದ್ದು ಐದು ಸಾವಿರದ ಎಪ್ಪತ್ತೊಂಬತ್ತು.
ನಡುವಿನ ಒಂಬೈನೂರಾ ಅರವತ್ತು ಸಲ
ತಗಡಿನ ಕೆಳಗೆ, ಕತ್ತಲಲ್ಲಿ, ತಪ್ಪದೆ ಹೇಳಿದೆ,
ಹೇಳಿ ಹೇಳಿ ಎರಡೆರಡು ಸಲ ಕಿವಿ ತೆರೆದಿದೆ.
ಆಡಿದ್ದನ್ನು ಕೂಡಿಟ್ಟುಕೊಳ್ಳಲು ಅದಕ್ಕೆ ಕಿಸೆ ಇಲ್ಲ.

ಘಾಳೆಪ್ಪನಿಗೆ ಇದನ್ನು ವಿವರಿಸಿದೆ.
ಯಾಕೆ ವಿವರಿಸಿದೆನೋ.
ಹಗ್ಗ ಸುತ್ತುತ್ತಿದ್ದವನು ನಿಲ್ಲಿಸಿ,
ಹೊರಸಿನ ಮೇಲೆ ಬಾಗಿ,
ಜೋರಿಲ್ಲದೆ, ನೂಲು ತೆಗೆದ ಹಾಗೆ
ಒಂದು ಹೆಸರು ಒಳಗೆ ಬಿಟ್ಟ.

ಒಂದು ಉಸಿರು. ಇನ್ನೊಂದು ಉಸಿರು.
ಕೆಳಗೆ ನೀರು ಇಳಿಜಾರಿನಲ್ಲಿ ತನ್ನಷ್ಟಕ್ಕೆ ಹೋಗುತ್ತಿತ್ತು.
"ನಡೀ," ಅಂದ, "ಹತ್ತನೇದ್ದು ನೋಡಮು."
ಚಂಪಾಬಾಯಿ ನಮ್ಮಿಬ್ಬರ ಕೈಗೂ ಶೇಂಗಾ ಸುರಿದಳು.
ಇನ್ನೂ ಹಸಿ ಇದ್ದವು.